ಅಂಬಾಸಿಡರ್ ಬಾನೆಟ್ಟಿನ ಕೆಳಗೆ

ಹಳೆಯ ಕಾರಿನ ಮೂಲ ಎಂಜಿನ್ ಇಳಿಸಿ ಅದೇ ಜಾಗದಲ್ಲಿ ಬೇರೊಂದು ಗಾಡಿಯ ಎಂಜಿನ್ ಕೂರಿಸುವ ಕಸುಬು ಭಾರತದಲ್ಲಿ ಬೆಳೆದದ್ದು ಕೊರತೆಯಿಂದ. ಅಮೆರಿಕದಲ್ಲಿ ಇದೇ ಕೆಲಸದ ಹಿಂದೆ ಇದ್ದದ್ದು ವೇಗದ ಹಂಬಲ. 1932ರಲ್ಲಿ ಫೋರ್ಡ್ ಕಂಪನಿಯ ವಿ-8 ಬಂದ ಮೇಲೆ ಕ್ಯಾಲಿಫೋರ್ನಿಯಾದ ಹುಡುಗರು ಅದನ್ನು ಹಗುರವಾದ ಹಳೆಯ ಕಾರುಗಳಿಗೆ ಕೂರಿಸಿ, ಬತ್ತಿದ ಕೆರೆಗಳ ಅಂಗಳದಲ್ಲಿ ಪಂದ್ಯ ಕಟ್ಟಿ ಓಡಿಸಿದರು. ಇಲ್ಲಿನ ಮಾಲೀಕನಿಗೆ ಪಂದ್ಯದ ಗೊಡವೆ ಇರಲಿಲ್ಲ. ಬೆಳಿಗ್ಗೆ ಕಾರು ಹೊರಡಬೇಕು, ಎಣ್ಣೆಯ ಖರ್ಚು ಕೈಮೀರಬಾರದು, ಬಿಡಿಭಾಗ ಊರಿನಲ್ಲೇ ಸಿಗಬೇಕು: ಈ ಮೂರು ಬೇಡಿಕೆಗಳೇ ಅರ್ಧ ಶತಮಾನ ಕಾಲ ಎಂಜಿನ್ ಆಯ್ಕೆಯನ್ನು ನಿರ್ಧರಿಸಿದವು.

ಸ್ವಾತಂತ್ರ್ಯಕ್ಕೆ ಮೊದಲು ಇಲ್ಲಿನ ರಸ್ತೆಗಳಲ್ಲಿ ಅಮೆರಿಕದ ಕಾರುಗಳಿಗೆ ಬರವಿರಲಿಲ್ಲ. ಜನರಲ್ ಮೋಟಾರ್ಸ್ 1928ರಿಂದ ಬೊಂಬಾಯಿಯಲ್ಲಿ ಷೆವ್ರೊಲೆ, ಬ್ಯೂಕ್ ಕಾರುಗಳನ್ನು ಜೋಡಿಸುತ್ತಿತ್ತು. 1953ರಲ್ಲಿ ಸರ್ಕಾರ ನೀತಿ ಬಿಗಿ ಮಾಡಿತು. ಹೊರಗಿನಿಂದ ಭಾಗಗಳನ್ನು ತಂದು ಜೋಡಿಸಿದರೆ ಸಾಲದು, ಇಲ್ಲಿಯೇ ತಯಾರಿಸುವ ಯೋಜನೆ ಇರಬೇಕು ಎಂದಾಯಿತು. ಜನರಲ್ ಮೋಟಾರ್ಸ್ 1954ರಲ್ಲಿ ಕಾರ್ಖಾನೆ ಮುಚ್ಚಿತು. ಕಂಪನಿ ಹೋಯಿತು, ಅದು ಮಾರಿದ ಕಾರುಗಳು ಉಳಿದವು. ಆರು ಸಿಲಿಂಡರಿನ ದೊಡ್ಡ ಎಂಜಿನ್ನಿಗೆ ಪಿಸ್ಟನ್, ಬೇರಿಂಗ್, ಗ್ಯಾಸ್ಕೆಟ್ ಸಿಗುವುದು ಕಷ್ಟವಾಗುತ್ತ ಬಂದಂತೆ ಅಂಥ ಕಾರುಗಳ ಬಾನೆಟ್ಟಿನ ಕೆಳಗೆ ಜೀಪಿನ ಎಂಜಿನ್, ಟ್ರ್ಯಾಕ್ಟರ್ ಜಾತಿಯ ಡೀಸೆಲ್ ಎಂಜಿನ್, ಆಮೇಲೆ ಅಂಬಾಸಿಡರ್ ಎಂಜಿನ್ ಬಂದು ಕುಳಿತವು. ಇದನ್ನು ಅಂದಗೇಡಿ ಕೆಲಸ ಎಂದು ಇಂದು ಹಳಿಯುವವರಿದ್ದಾರೆ. ಆದರೆ ಆ ಕೆಲಸ ನಡೆಯದಿದ್ದರೆ ಎಷ್ಟೋ ಬ್ಯೂಕ್, ಡಾಜ್, ಪ್ಲಿಮತ್‌ಗಳು 1960ರ ದಶಕದಲ್ಲೇ ಗುಜರಿಯ ತಕ್ಕಡಿ ಏರುತ್ತಿದ್ದವು.

ಅಂಬಾಸಿಡರ್ ಕಾರಿಗೇ ಎಂಜಿನ್ ಬದಲಾವಣೆ ಹುಟ್ಟಿನೊಂದಿಗೆ ಬಂದದ್ದು. ಬ್ರಿಟನ್ನಿನ ಮೋರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯ ಅಚ್ಚಿನಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಕಂಪನಿ ಕಲ್ಕತ್ತೆಯ ಸಮೀಪದ ಉತ್ತರಪಾಡಾದಲ್ಲಿ 1957ರಲ್ಲಿ ಅದನ್ನು ಹೊರತಂದಾಗ, ಒಳಗಿದ್ದುದು ಹಳೆಯ ಸೈಡ್ ವಾಲ್ವ್ ಎಂಜಿನ್. ಎರಡೇ ವರ್ಷಗಳಲ್ಲಿ, 1959ರಲ್ಲಿ, ಆ ಜಾಗಕ್ಕೆ 1489 ಸಿಸಿಯ, 55 ಅಶ್ವಶಕ್ತಿಯ, ಬಿಎಂಸಿ ಕಂಪನಿಯ ಬಿ-ಸೀರೀಸ್ ಎಂಜಿನ್ ಬಂದಿತು. ಇದರಲ್ಲಿ ವಾಲ್ವುಗಳು ಸಿಲಿಂಡರಿನ ಪಕ್ಕದಲ್ಲಿರದೆ ಮೇಲೆ ಹೆಡ್ಡಿನಲ್ಲಿದ್ದವು. ಇದೇ ಬಿ-ಸೀರೀಸ್ ಬ್ರಿಟನ್ನಿನಲ್ಲಿ ಆಸ್ಟಿನ್ ಕೇಂಬ್ರಿಜ್‌ನಲ್ಲೂ 1955ರ ಎಂಜಿಎ ಎಂಬ ಸ್ಪೋರ್ಟ್ಸ್ ಕಾರಿನಲ್ಲೂ ಇತ್ತು. ದುಬಾರಿ ಸ್ಪೋರ್ಟ್ಸ್ ಕಾರಿಗೂ ನಮ್ಮ ಟ್ಯಾಕ್ಸಿಗೂ ಒಂದೇ ವಂಶದ ಎಂಜಿನ್. ಇದರ ಲಾಭ ಪಡೆದವರು ಭಾರತದ ಹಳೆಯ ಬ್ರಿಟಿಷ್ ಕಾರುಗಳ ಮಾಲೀಕರು. ಎಂಜಿನ್ ಮುಗಿದುಹೋದ ಆಸ್ಟಿನ್ನಿಗೋ ಮೋರಿಸ್ಸಿಗೋ ಅಂಬಾಸಿಡರ್ ಎಂಜಿನ್ ಹಾಕಿಸಿದರೆ ಮುಂದೆ ಯಾವ ಊರಿನಲ್ಲಿ ನಿಂತರೂ ಅದಕ್ಕೆ ಮೆಕ್ಯಾನಿಕ್ ಸಿಗುತ್ತಿದ್ದ, ಬಿಡಿಭಾಗ ಸಿಗುತ್ತಿತ್ತು. ಎಂಜಿನ್ ಆಯ್ಕೆಯಲ್ಲಿ ಶಕ್ತಿಗಿಂತ ಬಳಗ ಮುಖ್ಯ ಎಂಬ ತಿಳಿವಳಿಕೆ ಈ ಕಸುಬಿಗೆ ಹೀಗೆ ಬಂದಿತು.

ದೊಡ್ಡ ತಿರುವು ಬಂದದ್ದು 1973ರ ತೈಲ ಬಿಕ್ಕಟ್ಟಿನಿಂದ. ಕಚ್ಚಾ ತೈಲದ ಬೆಲೆ ಕೆಲವೇ ತಿಂಗಳುಗಳಲ್ಲಿ ಸುಮಾರು ನಾಲ್ಕು ಪಟ್ಟಾಯಿತು. ಲಾರಿ, ಬಸ್ಸು, ನೀರಾವರಿ ಪಂಪುಗಳಿಗಾಗಿ ಸರ್ಕಾರ ಡೀಸೆಲ್ ಬೆಲೆಯನ್ನು ಕೆಳಗಿಟ್ಟಿತು; ಕಾರು ಸಿರಿವಂತರ ವಸ್ತುವೆಂದು ಪೆಟ್ರೋಲಿನ ಮೇಲೆ ತೆರಿಗೆ ಹೇರಿತು. ಈ ಎರಡು ಬೆಲೆಗಳ ನಡುವಿನ ಅಂತರದಲ್ಲಿ ಒಂದು ಉದ್ಯಮವೇ ಹುಟ್ಟಿಕೊಂಡಿತು. ಟ್ಯಾಕ್ಸಿ ಓಡಿಸುವವನ ಲೆಕ್ಕ ಸರಳವಾಗಿತ್ತು: ಡೀಸೆಲ್ ಎಂಜಿನ್ನಿಗೆ ಹಾಕಿದ ದುಡ್ಡು ದಿನದ ಎಣ್ಣೆಯ ಉಳಿತಾಯದಲ್ಲೇ ವಾಪಸು ಬರುತ್ತಿತ್ತು. 1980ರ ಹೊತ್ತಿಗೆ ಹಿಂದೂಸ್ತಾನ್ ಮೋಟಾರ್ಸ್ ಕೂಡ ಬಿ-ಸೀರೀಸ್‌ನ 1489 ಸಿಸಿ ಡೀಸೆಲ್ ರೂಪವನ್ನು ಅಂಬಾಸಿಡರಿಗೆ ಹಾಕಿ ಮಾರುಕಟ್ಟೆಗೆ ಬಿಟ್ಟಿತು. ಅದರ ಶಕ್ತಿ 37 ಅಶ್ವಶಕ್ತಿ ಮಾತ್ರ. ಏರು ಬಂದರೆ ಎರಡನೆಯ ಗೇರಿಗೆ ಇಳಿಯಲೇಬೇಕು. ಆದರೂ ಪೆಟ್ರೋಲ್ ಅಂಬಾಸಿಡರ್ ಇದ್ದವನಿಗೆ ಇದಕ್ಕಿಂತ ಚೆನ್ನಾಗಿ ಹೊಂದುವ ಎಂಜಿನ್ ಇನ್ನೊಂದಿರಲಿಲ್ಲ, ಏಕೆಂದರೆ ಎರಡೂ ಒಂದೇ ಮನೆತನದವು.

ಈ ಡೀಸೆಲ್ ಯುಗದ ಒಂದು ಬೇರು ಬೆಂಗಳೂರಿನಲ್ಲಿತ್ತು. 1951ರಲ್ಲಿ ಸ್ಥಾಪನೆಯಾದ ಮೈಕೊ, ಅಂದರೆ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಜರ್ಮನಿಯ ಬಾಷ್ ಸಂಸ್ಥೆಯ ಸಹಯೋಗದಲ್ಲಿ ಆಡುಗೋಡಿಯ ಕಾರ್ಖಾನೆಯಲ್ಲಿ ಸ್ಪಾರ್ಕ್ ಪ್ಲಗ್ಗುಗಳನ್ನೂ ಡೀಸೆಲ್ ಇಂಜೆಕ್ಷನ್ ಪಂಪುಗಳನ್ನೂ ತಯಾರಿಸಿತು. ಡೀಸೆಲ್ ಎಂಜಿನ್ನಿನಲ್ಲಿ ಅತಿ ಸೂಕ್ಷ್ಮವಾದ ಭಾಗ ಆ ಪಂಪೇ. ಅದರ ಪ್ಲಂಜರ್ ಕೂದಲೆಳೆಗಿಂತ ಕಡಿಮೆ ಸಂದಿನಲ್ಲಿ ಆಡುತ್ತದೆ. ಅದನ್ನು ಊರ ಲೇತಿನಲ್ಲಿ ತಿರುಗಿಸಿ ಮಾಡಲಾಗದು. ಪಂಪು ದೇಶದೊಳಗೇ ಸಿಕ್ಕಿದ್ದರಿಂದಲೇ ಹಳೆಯ ಕಾರಿಗೆ ಡೀಸೆಲ್ ಹಾಕಿಸುವ ಧೈರ್ಯ ಸಣ್ಣ ಊರುಗಳ ಗ್ಯಾರೇಜುಗಳಿಗೂ ಬಂದಿತು.

ಮಲೆನಾಡಿನಲ್ಲಿ ಇದೇ ಕಥೆಯ ನಾಯಕ ಜೀಪು. ಮಹೀಂದ್ರಾ ಕಂಪನಿ 1947ರಿಂದ ಜೋಡಿಸುತ್ತ ಬಂದ ವಿಲ್ಲೀಸ್ ಜೀಪುಗಳ 2199 ಸಿಸಿ ಪೆಟ್ರೋಲ್ ಎಂಜಿನ್ ಗಟ್ಟಿಯಾಗಿತ್ತು, ಆದರೆ ಎಣ್ಣೆ ಕುಡಿಯುವುದರಲ್ಲೂ ಅಷ್ಟೇ ಗಟ್ಟಿ. ಕಾಫಿ, ಅಡಿಕೆ ತೋಟಗಳ ಕೆಸರು ದಾರಿಯಲ್ಲಿ ದಿನವಿಡೀ ಕೆಳ ಗೇರಿನಲ್ಲಿ ಓಡುವ ಗಾಡಿಗೆ ಡೀಸೆಲ್ಲಿನ ನಿಧಾನ ಎಳೆತವೇ ಒಳ್ಳೆಯದು. ಮುಂದೆ ಮಹೀಂದ್ರಾ ತನ್ನ ಹೊಸ ಜೀಪುಗಳಿಗೆ ಫ್ರಾನ್ಸಿನ ಪ್ಯೂಜೊ ಕಂಪನಿಯ 2112 ಸಿಸಿ ಡೀಸೆಲ್ ಎಂಜಿನ್ ಹಾಕತೊಡಗಿದಾಗ ಹಳೆಯ ಪೆಟ್ರೋಲ್ ಜೀಪುಗಳೂ ಅದೇ ದಾರಿ ಹಿಡಿದವು. ಜೀಪಿಗೆ ಏಣಿಯಂಥ ಬಿಡಿ ಚಾಸಿ ಇದೆ, ಬಾನೆಟ್ಟಿನ ಕೆಳಗೆ ಕೈಯಾಡುವಷ್ಟು ಜಾಗವಿದೆ. ಎಂಜಿನ್ ಬದಲಾವಣೆಯ ಪಾಠ ಕಲಿಯಲು ಇದಕ್ಕಿಂತ ಸುಲಭದ ಗಾಡಿ ಇಲ್ಲ.

ಕಾರಿನ ಸಂಗತಿ ಹಾಗಲ್ಲ. ಅಂಬಾಸಿಡರಿಗೆ ಬೇರೆ ಚಾಸಿಯಿಲ್ಲ, ಮೈಯೇ ಚಾಸಿ. ಬೇರೆ ವಂಶದ ಎಂಜಿನ್ ಕೂರಿಸುವ ಮೊದಲು ಹಳೆಯ ಮೇಸ್ತ್ರಿಗಳು ಅಳತೆಗೇ ದಿನಗಟ್ಟಲೆ ಕಳೆಯುತ್ತಿದ್ದರು. ಎಂಜಿನ್ ಉದ್ದ, ಅಗಲ, ಎತ್ತರದ ಲೆಕ್ಕ ಮೊದಲನೆಯದು. ಅದಕ್ಕಿಂತ ಮುಖ್ಯವಾದದ್ದು ಎಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ಸಂಪಿನ ಗುಂಡಿ ಯಾವ ಕಡೆಗಿದೆ ಎಂಬುದು. ಮುಂಭಾಗದ ಕ್ರಾಸ್ ಮೆಂಬರಿಗೋ ಸ್ಟೀರಿಂಗ್ ರ‍್ಯಾಕಿಗೋ ಅದು ತಗುಲುವುದಾದರೆ ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಕೂರುವುದಿಲ್ಲ. ಸಂಪನ್ನು ಕತ್ತರಿಸಿ ಬೆಸುಗೆ ಹಾಕಿದರೆ ಎಣ್ಣೆ ಎಳೆಯುವ ಕೊಳವೆಯೂ ಜಾಗ ಬದಲಿಸಬೇಕು. ಅದು ತಪ್ಪಿದರೆ ತಿರುವಿನಲ್ಲಿ ಆಯಿಲ್ ಪ್ರೆಶರ್ ಬಿದ್ದು ಬೇರಿಂಗ್ ಸುಡುತ್ತದೆ.

ಎರಡನೆಯದು ತೂಕ. ಪೆಟ್ರೋಲ್ ಎಂಜಿನ್ ಗಾಳಿಯನ್ನು ಏಳೆಂಟು ಪಟ್ಟು ಅದುಮಿದರೆ ಆ ಕಾಲದ ಡೀಸೆಲ್ ಇಪ್ಪತ್ತು ಪಟ್ಟಿನ ಆಚೀಚೆ ಅದುಮುತ್ತದೆ. ಆ ಒತ್ತಡ ತಾಳಲು ಬ್ಲಾಕು, ಕ್ರ್ಯಾಂಕು ಎಲ್ಲವೂ ದಪ್ಪವಾಗಬೇಕು. ಹೀಗೆ ಭಾರವಾದ ಎಂಜಿನ್ ಕೂತಾಗ ಕಾರಿನ ಮೂತಿ ತಗ್ಗುತ್ತದೆ. ಅಂಬಾಸಿಡರಿನ ಮುಂಭಾಗದಲ್ಲಿ ಸುರುಳಿ ಸ್ಪ್ರಿಂಗಿಲ್ಲ. ತಿರುಚಿಕೊಳ್ಳುವ ಉಕ್ಕಿನ ಸರಳು, ಟಾರ್ಷನ್ ಬಾರ್, ಆ ಕೆಲಸ ಮಾಡುತ್ತದೆ. ಅದನ್ನು ಬಿಚ್ಚಿ ಹಲ್ಲು ಸರಿಸಿ ಮತ್ತೆ ಕೂರಿಸಿದರೆ ಎತ್ತರ ಮರಳುತ್ತದೆ. ಎತ್ತರ ಬಂದಿತೆಂದು ಬ್ರೇಕನ್ನು ಮರೆತವರಿಗೆ ಘಟ್ಟದ ಇಳಿಜಾರು ಕಷ್ಟವಾಗುತ್ತಿತ್ತು. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸರ್ವೊ ಬ್ರೇಕಿಗೆ ಬೇಕಾದ ನಿರ್ವಾತ ಪೆಟ್ರೋಲ್ ಎಂಜಿನ್ನಿನ ಇನ್‌ಲೆಟ್ ಮ್ಯಾನಿಫೋಲ್ಡಿನಲ್ಲಿ ತಾನಾಗಿ ಹುಟ್ಟುತ್ತದೆ. ಹೆಚ್ಚಿನ ಡೀಸೆಲ್ ಎಂಜಿನ್ನುಗಳಲ್ಲಿ ಗಾಳಿಯನ್ನು ತಡೆಯುವ ಥ್ರಾಟಲ್ ಇರುವುದಿಲ್ಲ, ಆದ್ದರಿಂದ ನಿರ್ವಾತವೂ ಇಲ್ಲ. ಅದಕ್ಕೆ ಬೇರೆ ವ್ಯಾಕ್ಯೂಮ್ ಪಂಪು ಬೇಕು. ಅನೇಕ ಎಂಜಿನ್ನುಗಳಲ್ಲಿ ಅದು ಆಲ್ಟರ್ನೇಟರಿನ ಬೆನ್ನಿಗೇ ಇರುತ್ತದೆ. ಎಂಜಿನ್ ಕೊಳ್ಳುವಾಗ ಆಲ್ಟರ್ನೇಟರ್ ಬಿಟ್ಟು ತಂದವರು ಬ್ರೇಕನ್ನೂ ಬಿಟ್ಟು ಬಂದಂತೆ.

ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ಅಡಾಪ್ಟರ್ ಪ್ಲೇಟು ಮಾಡಿಸುವುದು ಟರ್ನರಿನ ಕೈಚಳಕದ ಕೆಲಸ. ಕ್ರ್ಯಾಂಕಿನ ನಡುಗೆರೆಯೂ ಗೇರ್ ಬಾಕ್ಸಿನ ಶಾಫ್ಟಿನ ನಡುಗೆರೆಯೂ ಒಂದೇ ನೇರದಲ್ಲಿರಬೇಕು. ಕೊಂಚ ಸರಿದರೂ ಕ್ಲಚ್ ನಡುಗುತ್ತದೆ, ಗೇರ್ ಬಾಕ್ಸಿನ ಬೇರಿಂಗ್ ಕೂಗುತ್ತದೆ. ಹೊಸ ಎಂಜಿನ್ನಿನ ಜೊತೆ ಅದರದೇ ಗೇರ್ ಬಾಕ್ಸ್ ತರುವುದು ಈ ತೊಡಕಿಗೆ ಜಾಣ ಉತ್ತರ. ಆಗ ಪ್ರಾಪೆಲ್ಲರ್ ಶಾಫ್ಟನ್ನು ಕಡಿದು ಉದ್ದ ಸರಿಪಡಿಸಿ ಬ್ಯಾಲೆನ್ಸ್ ಮಾಡಿಸಬೇಕು. ಹಿಂದಿನ ಆಕ್ಸಲಿನ ಕ್ರೌನ್-ಪಿನಿಯನ್ ಅನುಪಾತವನ್ನು ಕೊನೆಗೆ ನೆನೆಯುವ ಅಭ್ಯಾಸವಿತ್ತು, ಅದು ತಪ್ಪು. ಡೀಸೆಲ್ ನಿಧಾನವಾಗಿ ತಿರುಗುವ ಎಂಜಿನ್. ಪೆಟ್ರೋಲ್ ಕಾರಿನ ಆಕ್ಸಲಿಗೆ ಅದನ್ನು ಜೋಡಿಸಿದರೆ ಅರವತ್ತು ಕಿಲೋಮೀಟರ್ ವೇಗಕ್ಕೇ ಅರಚತೊಡಗುತ್ತದೆ. ದೊಡ್ಡ ಬ್ಯಾಟರಿ, ಬಿಸಿಯಾಗುವ ಗ್ಲೋ ಪ್ಲಗ್ಗಿಗೆ ದಪ್ಪ ವೈರು, ಟ್ಯಾಂಕಿಗೆ ಮರಳುವ ಡೀಸೆಲ್ ಕೊಳವೆ, ಹೊಸ ರೇಡಿಯೇಟರ್ ಕೋರ್ ಇವೆಲ್ಲ ಚಿಲ್ಲರೆ ಎನಿಸಿದರೂ ಬಿಲ್ಲಿನಲ್ಲಿ ಎಂಜಿನ್ನಿನ ಬೆಲೆಗೆ ಹತ್ತಿರ ಬರುತ್ತಿದ್ದವು.

1980ರ ದಶಕದಲ್ಲಿ ಭಾರತದ ಕಾರ್ಖಾನೆಗಳೇ ಈ ಗ್ಯಾರೇಜು ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಮಾಡಿದವು. ಪ್ರೀಮಿಯರ್ ಕಂಪನಿ 1985ರಲ್ಲಿ ಫಿಯಾಟ್ 124ರ ಮೈಗೆ ನಿಸಾನಿನ 1171 ಸಿಸಿ ಎಂಜಿನ್ ಹಾಕಿ 118 ಎನ್‌ಇ ಎಂದು ಕರೆಯಿತು. ಹೊಂದಾಣಿಕೆ ಚೆನ್ನಾಗಿತ್ತು, ಕಾರು ಬಾಳಿತು. ಮದರಾಸಿನ ಸ್ಟ್ಯಾಂಡರ್ಡ್ ಕಂಪನಿ ಅದೇ ವರ್ಷ ಬ್ರಿಟನ್ನಿನ ರೋವರ್ ಎಸ್‌ಡಿ1ರ ಸುಂದರ ಮೈಗೆ, ಹಳೆಯ ವ್ಯಾನ್‌ಗಾರ್ಡ್ ಕಾರಿನ ಕಾಲದ ಎರಡು ಲೀಟರ್ ಎಂಜಿನ್ ಇಟ್ಟು ಸ್ಟ್ಯಾಂಡರ್ಡ್ 2000 ಎಂದಿತು. 3.5 ಲೀಟರಿನ ವಿ-8ರ ಜೊತೆ ಹೆಸರು ಮಾಡಿದ್ದ ಮೈ ಅದು. ಆ ಭಾರಕ್ಕೆ ಹಳೆಯ ಎಂಜಿನ್ ಸಾಲಲಿಲ್ಲ, ಕೆಲವೇ ವರ್ಷಗಳಲ್ಲಿ ಕಾರು ಮರೆಯಾಯಿತು. ಹಿಂದೂಸ್ತಾನ್ ಮೋಟಾರ್ಸ್ ಈ ಎರಡೂ ಅನುಭವಗಳನ್ನು ಒಂದೇ ಕಾರಿನಲ್ಲಿ ಕಂಡಿತು. 1984ರ ಕಾಂಟೆಸಾಗೆ ಬ್ರಿಟನ್ನಿನ ವಾಕ್ಸ್‌ಹಾಲ್ ವಿಕ್ಟರಿನ ದೊಡ್ಡ ಮೈ, ಒಳಗೆ ಅದೇ ಅಂಬಾಸಿಡರಿನ 1489 ಸಿಸಿ. ಎತ್ತು ಒಂದೇ, ಗಾಡಿ ಮಾತ್ರ ದೊಡ್ಡದಾಯಿತು. ಜಪಾನಿನ ಇಸುಜು ಕಂಪನಿಯ 1817 ಸಿಸಿ ಎಂಜಿನ್ ಬಂದ ಮೇಲೆಯೇ ಕಾಂಟೆಸಾ ತನ್ನ ಮೈಕಟ್ಟಿಗೆ ತಕ್ಕಂತೆ ಓಡಿತು.

ಇಸುಜು ಎಂಜಿನ್ 1990ರ ದಶಕದ ಆರಂಭದಲ್ಲಿ ಅಂಬಾಸಿಡರಿಗೂ ಇಳಿಯಿತು. 1800 ಐಎಸ್‌ಝಡ್ ಎಂಬ ಆ ಮಾದರಿಯಲ್ಲಿ 75 ಅಶ್ವಶಕ್ತಿ, ಜೊತೆಗೆ ಐದು ಗೇರುಗಳ ಪೆಟ್ಟಿಗೆ. ಮೂವತ್ತು ವರ್ಷ ಹಳೆಯ ಅಂಬಾಸಿಡರ್ ಇಟ್ಟುಕೊಂಡವರಿಗೆ ಇದು ಸಿದ್ಧ ನಕ್ಷೆಯಂತಾಯಿತು. ಎಂಜಿನ್ ಮೌಂಟು ಎಲ್ಲಿ ಬರಬೇಕು, ಸೈಲೆನ್ಸರ್ ಪೈಪು ಯಾವ ಕಡೆ ಹಾಯಬೇಕು ಎಂಬುದನ್ನೆಲ್ಲ ಕಾರ್ಖಾನೆಯೇ ತೀರ್ಮಾನಿಸಿ ಕೊಟ್ಟಿತ್ತು. ಇಸುಜುವಿನ 1995 ಸಿಸಿ ಡೀಸೆಲ್ ಕೂಡ ಇದೇ ಕಾರಣಕ್ಕೆ ಬೇಡಿಕೆಯ ಎಂಜಿನ್ ಆಯಿತು. ಮುಂಬೈಯ ಚೋರ್ ಬಜಾರ್, ದೆಹಲಿಯ ಮಾಯಾಪುರಿ, ಚೆನ್ನೈಯ ಪುದುಪೇಟೆ, ಬೆಂಗಳೂರಿನ ಶಿವಾಜಿನಗರದ ಗುಜರಿ ಇಂಥ ಎಂಜಿನ್ ಹುಡುಕುವವರ ಯಾತ್ರಾಸ್ಥಳಗಳಾದವು. ಒಂಟಿ ಎಂಜಿನ್ ಕೊಳ್ಳುವುದಕ್ಕಿಂತ, ಅಪಘಾತದಲ್ಲಿ ನುಜ್ಜಾದ ಇಡೀ ಕಾರು ಕೊಳ್ಳುವುದು ಲಾಭ ಎಂದು ಅನುಭವಿಗಳು ಬಲ್ಲರು. ಬ್ರಾಕೆಟ್ಟು, ವೈರಿಂಗು, ಕೇಬಲ್ಲು, ಗೇರ್ ಲಿವರ್ ಎಲ್ಲವೂ ಅದರಲ್ಲೇ ಸಿಗುತ್ತವೆ.

ಬೆಲೆಯ ಅಂತರವೇ ಕಟ್ಟಿದ ಕಸುಬು ಆ ಅಂತರ ಕುಗ್ಗಿದಾಗ ಸೊರಗಿತು. ಪೆಟ್ರೋಲ್ ಬೆಲೆ 2010ರಲ್ಲೂ ಡೀಸೆಲ್ ಬೆಲೆ 2014ರಲ್ಲೂ ಸರ್ಕಾರದ ಹಿಡಿತದಿಂದ ಹೊರಬಂದವು. ಅದೇ 2014ರ ಮೇ ತಿಂಗಳಲ್ಲಿ ಉತ್ತರಪಾಡಾದಲ್ಲಿ ಅಂಬಾಸಿಡರ್ ತಯಾರಿಕೆ ನಿಂತಿತು. ಕಾನೂನು ಅದಕ್ಕೂ ಮೊದಲೇ ಬಿಗಿಯಾಗುತ್ತ ಬಂದಿತ್ತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, 2000ದ ತಿದ್ದುಪಡಿಯ ನಂತರ, ತಯಾರಕರು ಹೇಳಿದ ವಿವರಗಳಿಗೂ ಆರ್‌ಸಿಯಲ್ಲಿರುವ ವಿವರಗಳಿಗೂ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಿಸಬಾರದು ಎನ್ನುತ್ತದೆ. ಅನುಮೋದಿತ ಕಿಟ್ ಬಳಸಿ ಸಿಎನ್‌ಜಿ, ಬ್ಯಾಟರಿಯಂಥ ಬೇರೆ ಇಂಧನಕ್ಕೆ ಹೊಂದಿಸಲು ಅವಕಾಶ ಇಟ್ಟಿದೆ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಇದೇ ನಿಲುವನ್ನು ಎತ್ತಿಹಿಡಿಯಿತು. ಹೀಗಾಗಿ ಇಂದು ಹಳೆಯ ಕಾರಿನ ಎಂಜಿನ್ ಮುಟ್ಟುವ ಮೊದಲ ಕೆಲಸ ಪಾನಾ ಹಿಡಿಯುವುದಲ್ಲ, ಆರ್‌ಟಿಒ ಕಚೇರಿಯಲ್ಲಿ ವಿಚಾರಿಸುವುದು. ಆರ್‌ಸಿಯಲ್ಲಿರುವ ಎಂಜಿನ್ ನಂಬರಿಗೂ ಬ್ಲಾಕಿನ ಮೇಲೆ ಕೊರೆದ ನಂಬರಿಗೂ ತಾಳೆಯಾಗದ ಕಾರನ್ನು ಮಾರುವುದೂ ಕಷ್ಟ, ವಿಮೆ ಪಡೆಯುವುದೂ ಕಷ್ಟ.

2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳ ನೋಂದಣಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು, ಚಾಸಿ, ಮೈ, ಎಂಜಿನ್ ದೊಡ್ಡ ಮಾರ್ಪಾಡಿಲ್ಲದೆ ಮೂಲ ರೂಪದಲ್ಲಿರಬೇಕು; ಅಂಥ ಗಾಡಿಗೆ ನಂಬರ್ ಫಲಕದಲ್ಲಿ ‘ವಿಎ’ ಅಕ್ಷರಗಳು. ಜೀಪಿನ ಎಂಜಿನ್ ಹಾಕಿಸಿಕೊಂಡು ಬದುಕಿ ಉಳಿದ ಬ್ಯೂಕ್, ಡೀಸೆಲ್ ಹಾಕಿಸಿಕೊಂಡು ಮೂರು ತಲೆಮಾರು ದುಡಿದ ಮೊದಲ ಮಾದರಿಯ ಅಂಬಾಸಿಡರ್, ಇದ್ದ ಸ್ಥಿತಿಯಲ್ಲೇ ಈ ಸಾಲಿಗೆ ಸೇರಲಾರವು. ಅವುಗಳನ್ನು ಉಳಿಸಿದ ಕೆಲಸವೇ ಈಗ ಅವುಗಳಿಗೆ ಅಡ್ಡ ಬಂದಿರುವುದು ನೋವಿನ ಸಂಗತಿ. ಅದಕ್ಕಾಗಿ ಗ್ಯಾರೇಜುಗಳಲ್ಲಿ ಈಗ ಹಿಮ್ಮುಖದ ಕೆಲಸ ನಡೆಯುತ್ತಿದೆ: ಡೀಸೆಲ್ ಇಳಿಸುವುದು, ಬೆಸುಗೆ ಹಾಕಿದ ಮೌಂಟುಗಳನ್ನು ಕತ್ತರಿಸಿ ಹಳೆಯ ಜಾಗದಲ್ಲೇ ಹೊಸದಾಗಿ ಕೂರಿಸುವುದು, ಶೆಡ್ಡಿನ ಮೂಲೆಯಲ್ಲಿ ತುಕ್ಕು ಹಿಡಿದು ಬಿದ್ದ ಬಿ-ಸೀರೀಸ್ ಬ್ಲಾಕನ್ನು ತಂದು ಉಜ್ಜಿ, ಅದರ ಮೇಲಿನ ನಂಬರನ್ನು ಹಳೆಯ ಆರ್‌ಸಿ ಪುಸ್ತಕದೊಡನೆ ಹೋಲಿಸಿ ನೋಡುವುದು.