ಹಸರು ಕಾರ್ಡು, ಕೆಂಪು ಕಾರ್ಡು

ಮನ್ಯಾಗ ಚಹಾಪುಡಿ ಬ್ರ್ಯಾಂಡ್ ಬದಲಾದ್ರ ಎರಡು ದಿನ ಎಲ್ಲಾರೂ ಮಾರಿ ಸೊಟ್ಟ ಮಾಡ್ತಾರ, ಮೂರನೇ ದಿನ ಸುಮ್ನ ಕುಡೀತಾರ. ಗ್ರಾಫಿಕ್ಸ್ ಕಾರ್ಡಿನ ವಿಷಯದಾಗ ಹಂಗ ಆಗಂಗಿಲ್ಲ. ಎನ್‌ವಿಡಿಯಾದ ಹಸರು ಪಾರ್ಟಿ, ಎಎಮ್‌ಡಿಯ ಕೆಂಪು ಪಾರ್ಟಿ ಅಂತ ಹುಡುಗ್ರು ಎರಡು ಪಂಗಡ ಮಾಡ್ಕೊಂಡು ವಾದ ಮಾಡೂದು ನೋಡಿದ್ರ, ಕಾರ್ಡ್ ಬದಲ ಮಾಡೂದಂದ್ರ ಮನಿದೇವರನ್ನ ಬಿಟ್ಟಂಗ ಅನಸ್ತದ. ಆದ್ರ ರಾತ್ರಿ ಊಟ ಆಗಿ, ಭಾಂಡಿ ತಿಕ್ಕಿ, ಮಕ್ಕಳು ಮಲಗಿದ ಮ್ಯಾಲೆ ಒಂದು ತಾಸು ಆಡೋ ನಮ್ಮಂಥಾವ್ರು ಐದಾರು ವರ್ಷಕ್ಕೊಮ್ಮೆ ಕಾರ್ಡ್ ತೊಗೋತೀವಿ. ಅದೇನು ಸಣ್ಣ ಖರ್ಚಲ್ಲ. ಈ ವರ್ಷ ಫ್ರಿಜ್ಜೋ ಕಾರ್ಡೋ ಅಂತ ಮನ್ಯಾಗ ಮಾತು ಬಂದ ಬರ್ತದ. ಬ್ರ್ಯಾಂಡ್ ಬದಲ ಮಾಡಿದ್ರ ಖರೇನ ಏನು ಕಳಕೋತೀವಿ ಅನ್ನೂದಕ್ಕ ಈ ಕಾರ್ಡುಗಳ ಚರಿತ್ರೆನ ಛಲೋ ಉತ್ತರ ಕೊಡ್ತದ.

ಒಂದು ಕಾಲಕ್ಕ ಬದಲ ಮಾಡಿದ್ರ ನಷ್ಟ ಖರೇನ ಆಗ್ತಿತ್ತು. ಸಿಲಿಕಾನ್ ಗ್ರಾಫಿಕ್ಸ್ ಕಂಪನಿಯೊಳಗ ಕೆಲಸ ಮಾಡಿದ್ದ ಇಂಜಿನಿಯರ್‌ಗಳು 1994ರಾಗ ಕ್ಯಾಲಿಫೋರ್ನಿಯಾದಾಗ ತ್ರೀಡಿಎಫ್‌ಎಕ್ಸ್ ಅನ್ನೂ ಕಂಪನಿ ಕಟ್ಟಿದ್ರು. 1996ರಾಗ ಅವರ ವೂಡೂ ಕಾರ್ಡು ಬಂತು. ಅದು ಬರೇ ತ್ರೀಡಿ ಆಟ ತೋರಸೂ ಕಾರ್ಡು. ವಿಂಡೋಸಿನ ಪರದೆ, ಪತ್ರ ಟೈಪ್ ಮಾಡೂದು ಇಂಥಾ ದಿನದ ಕೆಲಸಕ್ಕ ಇನ್ನೊಂದು ಸಾದಾ ಕಾರ್ಡ್ ಬೇಕಾಗ್ತಿತ್ತು. ಕಂಪ್ಯೂಟರಿನ ಹಿಂದ ಎರಡರ ನಡುವ ಒಂದು ಗಿಡ್ಡ ಕೇಬಲ್ ಹಾಕಿ, ಮಾನಿಟರನ್ನ ವೂಡೂಕ್ಕ ಜೋಡಸಬೇಕಿತ್ತು. ದಿನದ ಅಡಗಿಗೆ ಒಂದು ಒಲಿ, ಹಬ್ಬದ ಅಡಗಿಗೆ ಇನ್ನೊಂದು ಒಲಿ ಇಟ್ಟಂಗ.

ವೂಡೂದ ಖರೇ ಶಕ್ತಿ ಇದ್ದದ್ದು ಗ್ಲೈಡ್ ಅನ್ನೂ ಅದರ ಸ್ವಂತ ಭಾಷೆಯೊಳಗ. ಆಟದ ಪ್ರೋಗ್ರಾಂ ಕಾರ್ಡಿನ ಜೋಡಿ ಮಾತಾಡೂ ಭಾಷೆ ಅದು. ಗ್ಲೈಡ್‌ನಾಗ ಬರದ ಆಟ ವೂಡೂದಾಗ ನೀರು ಹರಿಧಂಗ ಓಡ್ತಿತ್ತು. 1998ರ ‘ಅನ್‌ರಿಯಲ್’ ಬಂದಾಗ ಅದರ ಅಂದಚಂದ ಪೂರ್ತಿ ಕಾಣಬೇಕಂದ್ರ ವೂಡೂನ ಬೇಕಿತ್ತು. ಬ್ಯಾರೆ ಬ್ರ್ಯಾಂಡಿನವ್ರಿಗೆ ಅದೇ ಆಟ ಕುಂಟಕೋತ ಓಡ್ತಿತ್ತು. ಅಂದ್ರ ಕಾರ್ಡ್ ಬಿಟ್ರ ಆಟಾನೂ ಬಿಟ್ಟಂಗ.

ಈ ಗಂಟನ್ನ ಬಿಚ್ಚಿದ್ದು ಎಲ್ಲಾ ಕಾರ್ಡಿಗೂ ತಿಳಿಯೂ ಭಾಷೆಗಳು. 1992ರಾಗ ಬಂದ ಓಪನ್‌ಜಿಎಲ್, 1996ರಾಗ ಮೈಕ್ರೋಸಾಫ್ಟ್ ತಂದ ಡೈರೆಕ್ಟ್‌ತ್ರೀಡಿ, ಇವೆರಡೂ ಯಾವ ಕಂಪನಿ ಕಾರ್ಡಿದ್ರೂ ನಡೀತಿದ್ದುವು. ಆಟ ಬರಿಯವ್ರು ಒಬ್ಬೊಬ್ರ ಅತ್ಲಾಗ ಹೋದ್ರು. ಅದರ ಮ್ಯಾಲೆ ತ್ರೀಡಿಎಫ್‌ಎಕ್ಸ್ ಇನ್ನೊಂದು ಕೆಲಸ ಮಾಡ್ತು. ಅಲ್ಲೀತನಕ ಅದು ಚಿಪ್ ಅಷ್ಟ ಮಾರ್ತಿತ್ತು, ಕಾರ್ಡ್ ಮಾಡೂ ಕಂಪನಿಗಳು ಬ್ಯಾರೆ ಇದ್ದುವು. 1998ರ ಕೊನೀಗೆ ಎಸ್‌ಟಿಬಿ ಅನ್ನೂ ಕಾರ್ಡ್ ಕಂಪನಿಯನ್ನ ಕೊಂಡು ತಾನ ಕಾರ್ಡ್ ಮಾಡ್ತೀನಿ ಅಂತು. ಹಳೇ ಗಿರಾಕಿಗಳು ಎನ್‌ವಿಡಿಯಾದ ಕಡೆ ಹೊಂಟ್ರು. 1999ರಾಗ ಎನ್‌ವಿಡಿಯಾದ ಜೀಫೋರ್ಸ್ 256 ಬಂತು. 2000ದ ಡಿಸೆಂಬರ್‌ನಾಗ ತ್ರೀಡಿಎಫ್‌ಎಕ್ಸ್‌ದ ಆಸ್ತಿಪಾಸ್ತಿ ಎನ್‌ವಿಡಿಯಾಕ್ಕ ಮಾರೂ ಮಾತಾತು. 2002ರಾಗ ಕಂಪನಿ ದಿವಾಳಿ ಅರ್ಜಿ ಹಾಕ್ತು.

ನಿಷ್ಠಾವಂತ ಮಂದಿಗೆ ಉಳದದ್ದೇನು? ಹೊಸ ಡ್ರೈವರ್ ಬರೂದು ನಿಂತುಬಿಡ್ತು. ಹವ್ಯಾಸಿಗಳು ತಾವ ಡ್ರೈವರ್ ತಿದ್ದಿ ಕೆಲವು ವರ್ಷ ತಳ್ಳಿದ್ರು. ಮುಂದ ಗ್ಲೈಡ್ ಮಾತನ್ನ ಡೈರೆಕ್ಟ್‌ತ್ರೀಡಿಗೆ ಅನುವಾದ ಮಾಡೂ ಸಣ್ಣ ಪ್ರೋಗ್ರಾಂಗಳು ಬಂದ ಮ್ಯಾಲೆ, ಆ ಹಳೇ ಆಟಗಳು ಈಗಿನ ಕಾರ್ಡಿನಾಗ ಸೈತ ಓಡ್ತಾವ. ಕಂಪನಿ ಹೋತು, ಆಟ ಉಳೀತು.

ಕೆಂಪು ಪಾರ್ಟಿ ಮದಲ ಕೆಂಪು ಎಟಿಐ ಆಗಿತ್ತು. 1985ರಾಗ ಕೆನಡಾದಾಗ ಹುಟ್ಟಿದ ಕಂಪನಿ ಅದು. 2002ರ ಅದರ ರೇಡಿಯಾನ್ 9700 ಪ್ರೋ ಎನ್‌ವಿಡಿಯಾವನ್ನ ಚೊಲೋತ್ನಂಗ ಹಿಂದ ಹಾಕ್ತು. ಎನ್‌ವಿಡಿಯಾದ ಉತ್ತರ ಜೀಫೋರ್ಸ್ ಎಫ್‌ಎಕ್ಸ್ 5800 ಅಲ್ಟ್ರಾ. ಅದರ ಫ್ಯಾನಿನ ಸಪ್ಪಳ ಎಷ್ಟಿತ್ತಂದ್ರ ಕಂಪನಿಯವ್ರ ಅದರ ಮ್ಯಾಲೆ ಚಾಷ್ಟಿ ವಿಡಿಯೋ ಮಾಡಿದ್ರು. 2006ರಾಗ ಎಎಮ್‌ಡಿ ಸುಮಾರು 540 ಕೋಟಿ ಡಾಲರ್ ಕೊಟ್ಟು ಎಟಿಐ ಕೊಂಡ್ತು. 2010ಕ್ಕ ಎಟಿಐ ಹೆಸರೂ ಹೋತು.

ನಮ್ಮಂಥಾವ್ರು ನೆನಪಿಡಬೇಕಾದ ವರ್ಷ 2008. ಆ ಜೂನ್‌ನಾಗ ಎನ್‌ವಿಡಿಯಾ ತನ್ನ ಜಿಟಿಎಕ್ಸ್ 280ಕ್ಕ 649 ಡಾಲರ್ ಇಟ್ಟಿತ್ತು. ಅದೇ ತಿಂಗಳು ಎಎಮ್‌ಡಿ ಎಚ್‌ಡಿ 4870 ಅನ್ನ 299ಕ್ಕ, 4850 ಅನ್ನ 199ಕ್ಕ ತಂತು. ಕೆಲವೇ ವಾರದಾಗ 649 ಇದ್ದದ್ದು 499 ಆತು. ಹಸರು ಕಾರ್ಡ್ ಕೊಳ್ಳೂ ಮಂದಿಗೂ ಲಾಭ ಆದದ್ದು ಕೆಂಪು ಕಾರ್ಡಿನಿಂದ. ಎದುರಿಗೆ ಇನ್ನೊಂದು ಅಂಗಡಿ ಇದ್ರ ಇಲ್ಲಿ ತಕ್ಕಡಿ ಸರಿ ಇರ್ತದ.

ಬೀಗ ಹಾಕೂ ಕೆಲಸ ಮಾತ್ರ ನಿಂತಿಲ್ಲ. 2013ರಾಗ ಎನ್‌ವಿಡಿಯಾ ಜಿ-ಸಿಂಕ್ ತಂತು. ಚಿತ್ರ ಹರಿದಂಗ ಕಾಣೂದನ್ನ ಅದು ತಪ್ಪಸ್ತದ, ಖರೇ, ಆದ್ರ ಮಾನಿಟರಿನ ಒಳಗ ಎನ್‌ವಿಡಿಯಾದ ಬಿಡಿಭಾಗ ಇರಬೇಕಿತ್ತು. ಮಾನಿಟರಿಗೆ ರೊಕ್ಕ ಹಾಕಿದವ್ರು ಕಾರ್ಡ್ ಬದಲ ಮಾಡಾಕ ಹಿಂದ ಮುಂದ ನೋಡೂಹಂಗ ಆತು. ಎಎಮ್‌ಡಿ ಎಲ್ಲಾರಿಗೂ ತೆರದಿದ್ದ ಮಾನದಂಡದ ಮ್ಯಾಲೆ ಫ್ರೀಸಿಂಕ್ ತಂತು. 2019ರ ಜನವರಿಯಾಗ ಎನ್‌ವಿಡಿಯಾನೂ ಆ ಮಾನದಂಡಕ್ಕ ಒಪ್ಪಿತು. ಹಂಗಂತ ಎಎಮ್‌ಡಿ ಸಂತ ಅಲ್ಲ. ಸಣ್ಣ ಚಿತ್ರವನ್ನ ದೊಡ್ಡದು ಮಾಡೂ ಎನ್‌ವಿಡಿಯಾದ ಡಿಎಲ್‌ಎಸ್‌ಎಸ್ ಅದರ ಆರ್‌ಟಿಎಕ್ಸ್ ಕಾರ್ಡಿಗಷ್ಟ. 2021ರಾಗ ಬಂದ ಎಎಮ್‌ಡಿಯ ಎಫ್‌ಎಸ್‌ಆರ್ ಎಲ್ಲಾ ಕಂಪನಿ ಕಾರ್ಡಿನಾಗೂ ನಡೀತಿತ್ತು. ಆದ್ರ 2025ರ ನಾಕನೇ ಆವೃತ್ತಿ ಬಂದಾಗ ತನ್ನ ಹೊಸ ಕಾರ್ಡಿಗಷ್ಟ ಕೊಡ್ತು. ಹಿಂದ ಇದ್ದವ್ರು ಬಾಗಲಾ ತೆಗೀತಾರ, ಮುಂದ ಹೋದವ್ರು ಚಿಲಕ ಹಾಕ್ತಾರ.

ಕಂಪನಿ ಒಳಗಿನವ್ರಿಗೆ ಈ ಪಂಗಡಗಳ ಹಂಗಿಲ್ಲ. ಎನ್‌ವಿಡಿಯಾ ಕಟ್ಟಿದ ಜೆನ್ಸನ್ ಹುವಾಂಗ್ ಅದಕ್ಕೂ ಮದಲ ಎಎಮ್‌ಡಿಯಾಗ ಕೆಲಸ ಮಾಡಿದಾವ. 2014ರಿಂದ ಎಎಮ್‌ಡಿ ನಡಸೂ ಲೀಸಾ ಸೂ ಮತ್ತ ಅಂವ ದೂರದ ಸಂಬಂಧಿಕರು. ಆಂಧ್ರದ ರಾಜಾ ಕೊಡೂರಿ ಎಟಿಐ, ಎಎಮ್‌ಡಿ, ಆ್ಯಪಲ್, ಮತ್ತ ಎಎಮ್‌ಡಿ, ಆಮ್ಯಾಲೆ ಇಂಟೆಲ್ ಅಂತ ಮನಿ ಬದಲ ಮಾಡಿದಾವ. ಎನ್‌ವಿಡಿಯಾ, ಎಎಮ್‌ಡಿ, ಇಂಟೆಲ್ ಮೂರರ ಆಫೀಸೂ ನಮ್ಮ ಬೆಂಗಳೂರಾಗ ಅವ. ಅವ್ರಿಗಿಲ್ಲದ ಮಡಿ ನಮಗ್ಯಾಕ?

ಹಂಗಾರ ಕಾರ್ಡ್ ಬದಲ ಮಾಡೂ ಮುಂದ ನೋಡಬೇಕಾದ್ದು ಇಷ್ಟ. ಪವರ್ ಸಪ್ಲೈ ಸಾಕಾಗ್ತದೋ ಇಲ್ಲೋ, ಡಬ್ಬಿಯೊಳಗ ಕಾರ್ಡ್ ಕೂಡ್ತದೋ ಇಲ್ಲೋ ಅಳೀರಿ. ಹಳೇ ಡ್ರೈವರ್ ಪೂರ್ತಿ ತಗದು ಹೊಸಾದು ಹಾಕ್ರಿ. ಮನ್ಯಾಗ ಯಾರರೆ ಎನ್‌ವಿಡಿಯಾದ ಕ್ಯೂಡಾ ಬೇಡೂ ಸಾಫ್ಟ್‌ವೇರ್ ಬಳಸ್ತಿದ್ರ ಅವರನ್ನ ಮದಲ ಕೇಳ್ರಿ. ಹಳೇ ಆಟ ಆಡೂದಿದ್ರ ಹೊಸ ಕಾರ್ಡಿನಾಗ ಅದು ಹೆಂಗ ಓಡ್ತದ ಅಂತ ನೋಡ್ರಿ. 2022ರಾಗ ಇಂಟೆಲ್ ಆರ್ಕ್ ಕಾರ್ಡ್ ಬಂದಾಗ ಹೊಸ ಆಟಕ್ಕಿಂತ ಹಳೇ ಡೈರೆಕ್ಟ್‌ಎಕ್ಸ್ 9 ಆಟಗಳ ಹೆಚ್ಚು ತ್ರಾಸು ಕೊಟ್ಟಿದ್ದುವು, ಮುಂದ ಡ್ರೈವರ್ ಸುಧಾರಿಸ್ತು. ನೀವು ಆಡಿ ಉಳಿಸಿದ ಆಟ ಡಿಸ್ಕಿನಾಗ ಇರ್ತದ, ಕಾರ್ಡಿನಾಗ ಅಲ್ಲ. ಅದು ಎಲ್ಲೂ ಹೋಗಂಗಿಲ್ಲ. ಇಷ್ಟು ಸರಿ ಇದ್ರ ನಿಮ್ಮ ರೊಕ್ಕಕ್ಕ ಯಾವುದು ಛಲೋ ಬರ್ತದೋ ಅದನ್ನ ತೊಗೊಳ್ರಿ. ಡಬ್ಬಿ ಮ್ಯಾಲಿನ ಬಣ್ಣ ಯಾವುದರೆ ಇರ್ಲಿ.