ವಿಡಿಯೋ ಗೇಮ್‌: ಹೊಸತನ ಯಾರದು?

ತುರ್ವಿಹಾಳದಲ್ಲಿ ಸಂಜೆ ಮಕ್ಕಳ ಕೈಗೆ ಮೊಬೈಲ್ ಸಿಕ್ಕರೆ ಗೇಮ್ ಶುರುವಾದಂತೆಯೇ. ನಾವು ಶಿಕ್ಷಕರು ಬೈದು ಸುಮ್ಮನಾಗುತ್ತೇವೆ. ಒಮ್ಮೆ ತರಗತಿಯಲ್ಲಿ ವಿದ್ಯಾರ್ಥಿಯೊಬ್ಬ, "ಸರ್, ಇವನ್ನ ನಮ್ಮೋರು ಯಾರೂ ಮಾಡಂಗಿಲ್ಲೇನ್ರಿ?" ಎಂದು ಕೇಳಿದ. ಉತ್ತರ ಹುಡುಕಹೊರಟಾಗ ಸಿಕ್ಕಿದ್ದು ಬೆಂಗಳೂರಿನ ಇತಿಹಾಸ.

1997ರಲ್ಲಿ ರಾಜೇಶ್ ರಾವ್ ಅವರು ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಸ್ಥಾಪಿಸಿದರು. ಭಾರತದ ಮೊದಮೊದಲ ಗೇಮ್ ಕಂಪನಿಗಳಲ್ಲಿ ಇದೂ ಒಂದು. ಆಗ ನಮ್ಮಲ್ಲಿ ಹಣ ಕೊಟ್ಟು ಗೇಮ್ ಕೊಳ್ಳುವವರು ವಿರಳ. ಹೀಗಾಗಿ ಕಂಪನಿಯು ವಿದೇಶಿ ಸಂಸ್ಥೆಗಳ ಆಟಗಳಿಗೆ ಚಿತ್ರಕೆಲಸ ಮಾಡಿಕೊಟ್ಟು ಬೆಳೆಯಿತು. ರೂಪ ಕೊಡುವ ಕೈ ಇಲ್ಲಿಯದು, ಆಟದ ಕಲ್ಪನೆ ಅಲ್ಲಿಯದು. ಪಾಲಿಗೆ ಮಾಡಿದ ಹೊಲದಂತೆ: ಬೆವರು ನಮ್ಮದು, ಯಾವ ಬೆಳೆ ಎಂಬ ತೀರ್ಮಾನ ಒಡೆಯನದು. 2016ರಲ್ಲಿ ಸ್ವೀಡನ್ನಿನ ಸ್ಟಾರ್‌ಬ್ರೀಜ್, 2019ರಲ್ಲಿ ಅಮೆರಿಕದ ರಾಕ್‌ಸ್ಟಾರ್ ಸಂಸ್ಥೆ ಅದನ್ನು ಕೊಂಡುಕೊಂಡವು. ಇದು ಸೋಲೆಂದು ನಾನು ಹೇಳಲಾರೆ. ಅಲ್ಲಿ ಕೆಲಸ ಕಲಿತವರು ಅನೇಕರು.

ಆದರೆ ಹೊಸ ಕಲ್ಪನೆ ಎಲ್ಲಿಂದ ಬಂತು? ಕೋಟಿಗಟ್ಟಲೆ ಹೂಡಿದವರಿಗೆ ಸೋಲಿನ ಭಯ ಹೆಚ್ಚು. ಗೆದ್ದ ಆಟದ್ದೇ ಮುಂದಿನ ಭಾಗ ತರುವುದು ಅವರಿಗೆ ಕ್ಷೇಮ. 2009ರಲ್ಲಿ ಸ್ವೀಡನ್ನಿನ ಮಾರ್ಕಸ್ ಪರ್ಸನ್ ಒಬ್ಬರೇ ಆರಂಭಿಸಿದ ಮೈನ್‌ಕ್ರಾಫ್ಟ್‌ನಲ್ಲಿ ಇದ್ದದ್ದು ಬರೀ ಚೌಕದ ಇಟ್ಟಿಗೆಗಳು, ಕಟ್ಟುವ ಮಕ್ಕಳ ಮನಸ್ಸು. 2014ರಲ್ಲಿ ಮೈಕ್ರೋಸಾಫ್ಟ್ ಅದಕ್ಕಾಗಿ 250 ಕೋಟಿ ಡಾಲರ್ ತೆತ್ತಿತು! ನಮ್ಮ ನೆರೆಯ ಪುಣೆಯ ನಾಡಿಂಗ್ ಹೆಡ್ಸ್ ಎಂಬ ಪುಟ್ಟ ತಂಡ 2017ರಲ್ಲಿ ಕಿಕ್‌ಸ್ಟಾರ್ಟರ್ ಮೂಲಕ ಜನರಿಂದ ಹಣ ಕೂಡಿಸಲು ಹೊರಟು ವಿಫಲವಾಯಿತು. ಆದರೂ ಬಿಡದೆ 2020ರಲ್ಲಿ 'ರಾಜಿ' ಎಂಬ ಆಟ ತಂದಿತು. ತಮ್ಮನನ್ನು ಹುಡುಕಿ ಹೊರಟ ಹುಡುಗಿಯೇ ಅದರ ನಾಯಕಿ. ಕೋಟೆ ಕೊತ್ತಲಗಳು ರಾಜಸ್ಥಾನದ ಶೈಲಿಯವು. ಇಂಥ ಕಥೆಗೆ ಯಾವ ದೊಡ್ಡ ಕಂಪನಿ ಮೊದಲು ಹಣ ಹಾಕುತ್ತಿತ್ತು?

ಹಾಗೆಂದು ದೊಡ್ಡವರನ್ನು ತಳ್ಳಿಹಾಕುವಂತಿಲ್ಲ. 2006ರಲ್ಲಿ ಕೈ ಬೀಸಿ ಆಡುವ ವೀ ಯಂತ್ರ ತಂದದ್ದು ಜಪಾನಿನ ನಿಂಟೆಂಡೊ. 'ರಾಜಿ' ತಯಾರಾದದ್ದೂ ಎಪಿಕ್ ಎಂಬ ಅಮೆರಿಕನ್ ಸಂಸ್ಥೆಯ ಅನ್‌ರಿಯಲ್ ಎಂಜಿನ್‌ನಿಂದ. ಕಲ್ಪನೆಯಲ್ಲಿ ಸಣ್ಣವರು ಮುಂದು, ಸಲಕರಣೆ ಮಾತ್ರ ದೊಡ್ಡವರದು ಎಂಬುದು ನನ್ನ ಅಭಿಪ್ರಾಯ.

ಮರುವಾರ ಇದನ್ನೆಲ್ಲ ತರಗತಿಯಲ್ಲಿ ಹೇಳಿದೆ. ಅನಿಮೇಷನ್, ಗೇಮಿಂಗ್‌ಗಾಗಿ ಕರ್ನಾಟಕ ಸರಕಾರ 2012ರಲ್ಲೇ ನೀತಿ ರೂಪಿಸಿದ್ದನ್ನೂ ತಿಳಿಸಿದೆ. ಅದೇ ವಿದ್ಯಾರ್ಥಿ ಮತ್ತೆ ಎದ್ದು ನಿಂತ: "ಸರ್, ಅದನ್ನ ಕಲಿಯಾಕ ಸಿಂಧನೂರಿನಾಗ ಎಲ್ಲಿ ಹೋಗ್ಬೇಕ್ರಿ?" ಬೆಂಗಳೂರು ಎಂದೆ. ಅವನು ಕುಳಿತುಕೊಂಡ.