ಡ್ರಾ ಎಂದು ಬರೆದ ಗೆಲುವುಗಳು: ಕರ್ನಾಟಕ–ಮುಂಬೈ ರಣಜಿ ಹಣಾಹಣಿ

ಗಾಂಧಿ ಬಜಾರಿನ ಹೋಟೆಲಿನಲ್ಲಿ ದೋಸೆಗೆ ಕಾಯುತ್ತ ಕೂತ ಹಿರಿಯರ ನಡುವೆ ರಣಜಿ ಟ್ರೋಫಿಯ ಮಾತು ಎದ್ದರೆ ಅದು ಹೆಚ್ಚು ಹೊತ್ತು ಮದ್ರಾಸಿನಲ್ಲಿ ನಿಲ್ಲುವುದಿಲ್ಲ, ಹೈದರಾಬಾದಿನಲ್ಲೂ ನಿಲ್ಲುವುದಿಲ್ಲ. ಕೊನೆಗೆ ಬಂದು ತಲುಪುವುದು ಬಾಂಬೆಗೆ. ಆ ನಗರದ ಹೆಸರು ಮುಂಬೈ ಆಗಿ ಮೂರು ದಶಕ ಕಳೆದರೂ ಕ್ರಿಕೆಟ್ಟಿನ ಮಾತಿನಲ್ಲಿ ಅದು ಬಾಂಬೆಯೇ. ಕರ್ನಾಟಕದ ಕ್ರಿಕೆಟ್ ತನ್ನ ಎತ್ತರವನ್ನು ಅಳೆದುಕೊಂಡಿದ್ದು ಈ ಒಂದು ತಂಡದ ಪಕ್ಕದಲ್ಲಿ ನಿಂತು.

ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್‌ಗಳನ್ನು ಹಿಂಬಾಲಿಸುವ ಈಗಿನ ಹುಡುಗರಿಗೆ ಮುಖಾಮುಖಿ ದಾಖಲೆ ಎಂದರೆ ನೀರು ಕುಡಿದಷ್ಟು ಸುಲಭ. ಒಂದೇ ಲೀಗಿನಲ್ಲಿರುವ ಲಿವರ್‌ಪೂಲ್ ಮತ್ತು ಮ್ಯಾಂಚೆಸ್ಟರ್ ಯುನೈಟೆಡ್ ವರ್ಷಕ್ಕೆ ಎರಡು ಸಲ ಎದುರಾಗಲೇಬೇಕು. ಗೆದ್ದದ್ದೆಷ್ಟು, ಸೋತದ್ದೆಷ್ಟು, ಡ್ರಾ ಎಷ್ಟು ಎಂದು ಮೂರು ಅಂಕಿ ಹೇಳಿದರೆ ಮುಗಿಯಿತು. ಕರ್ನಾಟಕ–ಮುಂಬೈ ಕಥೆಯನ್ನು ಹಾಗೆ ಮೂರು ಅಂಕಿಗಳಲ್ಲಿ ಹೇಳಲು ಹೋದರೆ ಸುಳ್ಳು ಹೇಳಿದಂತಾಗುತ್ತದೆ. ಅದಕ್ಕೆ ಎರಡು ಕಾರಣಗಳಿವೆ, ಎರಡೂ ರಣಜಿಯ ನಿಯಮಗಳಿಂದ ಹುಟ್ಟಿದವು.

ಮೊದಲನೆಯದು ವಲಯ ಪದ್ಧತಿ. 1934ರಲ್ಲಿ ಆರಂಭವಾದ ಈ ಪಂದ್ಯಾವಳಿ 2002ರವರೆಗೂ ವಲಯವಾರು ನಡೆಯಿತು. ಆಗ ಮೈಸೂರು ಎನ್ನಿಸಿಕೊಂಡಿದ್ದ ಕರ್ನಾಟಕ ದಕ್ಷಿಣ ವಲಯದಲ್ಲಿ, ಬಾಂಬೆ ಪಶ್ಚಿಮ ವಲಯದಲ್ಲಿ. ಮೊದಮೊದಲು ವಲಯಕ್ಕೊಂದೇ ತಂಡ ಮುಂದಕ್ಕೆ ಹೋಗುತ್ತಿತ್ತು, ಆಮೇಲೆ ಆ ಸಂಖ್ಯೆ ಹೆಚ್ಚಿತು. ಹೀಗಾಗಿ ಬಾಂಬೆಯನ್ನು ಎದುರಿಸುವ ಅವಕಾಶವೇ ಒಂದು ಸಂಪಾದನೆ. ಮದ್ರಾಸನ್ನೂ ಹೈದರಾಬಾದನ್ನೂ ದಾಟಿ ಬಂದವರಿಗೆ ಮಾತ್ರ ಆ ಬಾಗಿಲು ತೆರೆಯುತ್ತಿತ್ತು. ಎಷ್ಟೋ ವರ್ಷ ಎರಡೂ ತಂಡಗಳು ಒಬ್ಬರ ಮುಖ ಒಬ್ಬರು ನೋಡದೆ ಋತು ಮುಗಿಸಿವೆ.

ಎರಡನೆಯದು ಮೊದಲ ಇನಿಂಗ್ಸ್ ಮುನ್ನಡೆಯ ನಿಯಮ. ನಾಕೌಟ್ ಪಂದ್ಯ ನಿಗದಿತ ದಿನಗಳಲ್ಲಿ ಮುಗಿಯದಿದ್ದರೆ ಮೊದಲ ಇನಿಂಗ್ಸಿನಲ್ಲಿ ಹೆಚ್ಚು ರನ್ ಗಳಿಸಿದವರು ಮುಂದಕ್ಕೆ ಹೋಗುತ್ತಾರೆ. ದಾಖಲೆ ಪುಸ್ತಕದಲ್ಲಿ ಮಾತ್ರ ಆ ಪಂದ್ಯ ‘ಡ್ರಾ’. ಫುಟ್‌ಬಾಲಿನಲ್ಲೂ ಇಂಥದ್ದುಂಟು: 2005ರ ಎಫ್‌ಎ ಕಪ್ ಫೈನಲ್ಲಿನಲ್ಲಿ ಪೆನಾಲ್ಟಿ ಶೂಟೌಟಿನಲ್ಲಿ 5–4ರಿಂದ ಗೆದ್ದು ಕಪ್ ಎತ್ತಿದ್ದು ಆರ್ಸೆನಲ್, ಆದರೆ ಮ್ಯಾಂಚೆಸ್ಟರ್ ಯುನೈಟೆಡ್ ಜೊತೆಗಿನ ಮುಖಾಮುಖಿ ಲೆಕ್ಕದಲ್ಲಿ ಅದು 0–0 ಡ್ರಾ. ಕರ್ನಾಟಕದ ಪಾಲಿಗೆ ಈ ವಿಚಿತ್ರ ಇನ್ನೂ ದೊಡ್ಡದು. ಬಾಂಬೆಯ ವಿರುದ್ಧ ಅದು ಸಾಧಿಸಿದ ಮೊದಲ ಮೂರು ಮಹಾ ವಿಜಯಗಳೂ ಪುಸ್ತಕದಲ್ಲಿ ಡ್ರಾ ಪಟ್ಟಿಯಲ್ಲಿವೆ.

ಆ ಮೂರಕ್ಕೆ ಮುನ್ನ ದೀರ್ಘವಾದ ಸೋಲಿನ ಕಾಲವಿತ್ತು. ರಣಜಿಯ ಚರಿತ್ರೆಯಲ್ಲೇ ಮೊದಲ ಪಂದ್ಯ ಆಡಿದ ಎರಡು ತಂಡಗಳಲ್ಲಿ ಮೈಸೂರು ಒಂದು. 1934ರ ನವೆಂಬರ್ 4ರಂದು ಚೆಪಾಕಿನಲ್ಲಿ ಮದ್ರಾಸಿನ ಎದುರು 48 ಮತ್ತು 59 ರನ್ನಿಗೆ ಕುಸಿದು ಒಂದೇ ದಿನದಲ್ಲಿ ಇನಿಂಗ್ಸ್ ಮತ್ತು 23 ರನ್ನುಗಳಿಂದ ಸೋತಿತು. ಏಳು ವರ್ಷದ ನಂತರ, 1941–42ರಲ್ಲಿ, ಅದೇ ತಂಡ ಮೊದಲ ಬಾರಿಗೆ ಫೈನಲ್ ತಲುಪಿತು. ಎದುರಿಗೆ ಬಾಂಬೆ, ಜಾಗ ಬ್ರೇಬೋರ್ನ್ ಕ್ರೀಡಾಂಗಣ. ಬಾಂಬೆ 9 ವಿಕೆಟಿಗೆ 506 ರನ್ ಹೊಡೆದು ಡಿಕ್ಲೇರ್ ಮಾಡಿತು. ಮೈಸೂರಿನ ಎರಡು ಇನಿಂಗ್ಸ್ 68 ಮತ್ತು 157. ಸೋಲಿನ ಅಂತರ ಇನಿಂಗ್ಸ್ ಮತ್ತು 281 ರನ್. 1959–60ರ ಫೈನಲ್ಲಿನಲ್ಲಿ ಮತ್ತೆ ಬಾಂಬೆ, ಮತ್ತೆ ಬ್ರೇಬೋರ್ನ್, ಮತ್ತೆ ಇನಿಂಗ್ಸ್ ಸೋಲು. ಅಂತರ ಮಾತ್ರ 22 ರನ್ನಿಗೆ ಇಳಿದಿತ್ತು. ಇಷ್ಟು ಇಳಿದದ್ದೇ ಹದಿನೆಂಟು ವರ್ಷಗಳ ದುಡಿಮೆಯ ಫಲ.

ಆದರೆ ಬಾಂಬೆಯೂ ಆ ಹೊತ್ತಿಗೆ ಬೆಳೆಯುತ್ತಲೇ ಇತ್ತು. 1958–59ರಿಂದ 1972–73ರವರೆಗೆ ಸತತ ಹದಿನೈದು ವರ್ಷ ರಣಜಿ ಟ್ರೋಫಿ ಆ ಊರು ಬಿಟ್ಟು ಕದಲಲಿಲ್ಲ. ಒಂದು ತಲೆಮಾರು ಹುಟ್ಟಿ ಹೈಸ್ಕೂಲು ಮುಗಿಸುವವರೆಗೆ ಚಾಂಪಿಯನ್ ಯಾರು ಎಂಬ ಪ್ರಶ್ನೆಗೆ ಒಂದೇ ಉತ್ತರ. ಇಷ್ಟು ದೀರ್ಘ ಏಕಸ್ವಾಮ್ಯ ಭಾರತದ ದೇಶೀಯ ಕ್ರಿಕೆಟ್ಟಿನಲ್ಲಿ ಮತ್ತೆ ಯಾರಿಗೂ ದಕ್ಕಿಲ್ಲ.

ಅದನ್ನು ಮುರಿದ ಪಂದ್ಯ ನಡೆದದ್ದು ಬೆಂಗಳೂರಿನಲ್ಲಿ, 1974ರ ಮಾರ್ಚಿನಲ್ಲಿ. ಹಿಂದಿನ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಗಿತ್ತು. ಆ ಹೆಸರಿನಲ್ಲಿ ತಂಡಕ್ಕೆ ಅದು ಮೊದಲ ಋತು. ಮುಂದೆ ಎಂ. ಚಿನ್ನಸ್ವಾಮಿ ಅವರ ಹೆಸರು ಪಡೆದ ಕ್ರೀಡಾಂಗಣ ಆಗಿನ್ನೂ ಹೊಸದು, ಅಲ್ಲಿ ಮೊದಲ ಟೆಸ್ಟ್ ನಡೆಯುವುದಕ್ಕೆ ಇನ್ನೂ ಎಂಟು ತಿಂಗಳಿತ್ತು. ಬಾಂಬೆ ತಂಡದಲ್ಲಿ ಭಾರತದ ನಾಯಕ ಅಜಿತ್ ವಾಡೇಕರ್ ಇದ್ದರು, ಸುನಿಲ್ ಗಾವಸ್ಕರ್ ಇದ್ದರು, ಅಶೋಕ್ ಮಂಕಡ್, ಏಕನಾಥ್ ಸೋಲ್ಕರ್ ಇದ್ದರು. ಕರ್ನಾಟಕದ ನಾಯಕ ಎರಪಳ್ಳಿ ಪ್ರಸನ್ನ, ಜೊತೆಗೆ ಬಿ. ಎಸ್. ಚಂದ್ರಶೇಖರ್.

ಮೊದಲು ಬ್ಯಾಟ್ ಮಾಡಿದ ಕರ್ನಾಟಕ 385 ರನ್ ಗಳಿಸಿತು. ಭದ್ರಾವತಿಯ ಜಿ. ಆರ್. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ಇಬ್ಬರಲ್ಲಿ ಒಬ್ಬರು ಆಗಲೇ ದೇಶದ ಮೆಚ್ಚಿನ ಆಟಗಾರ, ಇನ್ನೊಬ್ಬರು ಅದೇ ವರ್ಷದ ಬೇಸಿಗೆಯಲ್ಲಿ ಇಂಗ್ಲೆಂಡಿನಲ್ಲಿ ಮೊದಲ ಟೆಸ್ಟ್ ಆಡಿದವರು. ಮುನ್ನೂರ ಎಂಬತ್ತೈದು ಬಾಂಬೆಯ ಬ್ಯಾಟಿಂಗಿಗೆ ಹೊರಲಾರದ ಭಾರವೇನೂ ಆಗಿರಲಿಲ್ಲ. ಗಾವಸ್ಕರರನ್ನು ಪ್ರಸನ್ನ ಬೌಲ್ಡ್ ಮಾಡಿದ ಎಸೆತವನ್ನು ಆ ದಿನ ಕಂಡವರು ಈಗಲೂ ಕೈಯಲ್ಲಿ ತಿರುಗಿಸಿ ತೋರಿಸುತ್ತಾರೆ. ಆದರೂ ವಾಡೇಕರ್ ಮತ್ತು ಮಂಕಡ್ ಇನಿಂಗ್ಸನ್ನು ಕಟ್ಟುತ್ತಿದ್ದರು. ಪಂದ್ಯ ತಿರುಗಿದ್ದು ರನ್ ಓಡುವಾಗ. ಹಿಂದಕ್ಕೆ ತಿರುಗಿದ ವಾಡೇಕರ್ ಕಾಲು ಜಾರಿದರು, ರನ್ ಔಟ್ ಆದರು. ಉಳಿದದ್ದನ್ನು ಪ್ರಸನ್ನ–ಚಂದ್ರ ಜೋಡಿ ಮುಗಿಸಿತು. ಬಾಂಬೆ 307ಕ್ಕೆ ಆಲ್ ಔಟ್. 78 ರನ್ನಿನ ಮುನ್ನಡೆ ಹದಿನೈದು ವರ್ಷದ ಆಳ್ವಿಕೆಯನ್ನು ಕೊನೆಗಾಣಿಸಿತು. ಜೈಪುರದ ಫೈನಲ್ಲಿನಲ್ಲಿ ರಾಜಸ್ಥಾನವನ್ನು 185 ರನ್ನುಗಳಿಂದ ಸೋಲಿಸಿ ಕರ್ನಾಟಕ ಮೊದಲ ಸಲ ಟ್ರೋಫಿ ತಂದಿತು. ಆದರೆ ಚರಿತ್ರೆ ಬದಲಾದದ್ದು ಸೆಮಿಫೈನಲ್ಲಿನಲ್ಲಿ.

ಬಾಂಬೆ ತಿರುಗೇಟು ಕೊಡಲು ಒಂದೇ ವರ್ಷ ತೆಗೆದುಕೊಂಡಿತು. 1974–75ರ ಫೈನಲ್ಲಿನಲ್ಲಿ ಕರ್ನಾಟಕವನ್ನು ಏಳು ವಿಕೆಟುಗಳಿಂದ ಸೋಲಿಸಿ ಟ್ರೋಫಿಯನ್ನು ವಾಪಸು ಒಯ್ದಿತು.

ಎರಡನೆಯ ‘ಡ್ರಾ’ 1981–82ರ ಸೆಮಿಫೈನಲ್, ಅದೂ ಬೆಂಗಳೂರಿನಲ್ಲೇ. ಪುತ್ತೂರಿನಲ್ಲಿ ಹುಟ್ಟಿದ ಎಡಗೈ ಸ್ಪಿನ್ನರ್ ರಘುರಾಮ ಭಟ್ ಮೊದಲ ಇನಿಂಗ್ಸಿನಲ್ಲಿ ಹ್ಯಾಟ್ರಿಕ್ ಸೇರಿ 123 ರನ್ನಿಗೆ 8 ವಿಕೆಟ್ ಕಿತ್ತರು. ಬಾಂಬೆ 271ಕ್ಕೆ ಮುಗಿಯಿತು. ಸುಧಾಕರ ರಾವ್ ಅವರ ಶತಕದ ಬಲದಿಂದ ಕರ್ನಾಟಕ 470 ಗಳಿಸಿತು. ಎರಡನೆಯ ಇನಿಂಗ್ಸಿನ ಹೊತ್ತಿಗೆ ಪಿಚ್ ಒಡೆದು ಚೆಂಡು ಬಲಗೈ ಬ್ಯಾಟ್ಸ್‌ಮನ್ನಿನಿಂದ ಆಚೆಗೆ ತೀವ್ರವಾಗಿ ತಿರುಗುತ್ತಿತ್ತು. ಆಗ ಕೆಳ ಕ್ರಮಾಂಕದಲ್ಲಿ ಬಂದ ಗಾವಸ್ಕರ್ ಭಟ್ಟರ ಬೌಲಿಂಗಿಗೆ ಎಡಗೈಯಲ್ಲಿ ನಿಂತರು! ಹಾಗೆ ನಿಂತರೆ ಅದೇ ಚೆಂಡು ಒಳಕ್ಕೆ ತಿರುಗುತ್ತದೆ, ಬ್ಯಾಟಿನ ಅಂಚು ತಾಕುವ ಭಯ ಕಡಿಮೆ, ಪ್ಯಾಡಿನಿಂದ ತಡೆಯಬಹುದು ಎಂಬುದು ಅವರ ಲೆಕ್ಕ. ಔಟಾಗದೆ 18 ರನ್ ಗಳಿಸಿ ಉಳಿದರು. ಬಾಂಬೆ 9 ವಿಕೆಟಿಗೆ 200ರಲ್ಲಿ ಪಂದ್ಯ ಮುಗಿಸಿತು, ಇನಿಂಗ್ಸ್ ಸೋಲಿನಿಂದ ಒಂದೇ ಒಂದು ರನ್ ಆಚೆಗೆ. ಜಗತ್ತಿನ ಅತ್ಯುತ್ತಮ ಆರಂಭಿಕ ಆಟಗಾರ ತನ್ನ ಬಲಗೈಯನ್ನು ಬಿಟ್ಟುಕೊಡಬೇಕಾದಂತೆ ಮಾಡಿದ ಆ ಬೌಲಿಂಗಿಗೆ ಕರ್ನಾಟಕದ ದಾಖಲೆಗಳಲ್ಲಿ ಇನ್ನೂ ದೊಡ್ಡ ಜಾಗ ಸಿಗಬೇಕಿತ್ತು. ಭಟ್ ಆಡಿದ್ದು ಎರಡೇ ಟೆಸ್ಟ್.

ಇಲ್ಲೊಂದು ಮಾತು ಸೇರಿಸಬೇಕು. ಮೈದಾನದ ಈ ಕಾದಾಟ ಮನೆಯೊಳಗೆ ಹಗೆಯಾಗಲಿಲ್ಲ. ಗಾವಸ್ಕರ್ ಅವರ ತಂಗಿಯನ್ನು ಮದುವೆಯಾದವರು ವಿಶ್ವನಾಥ್. ಎರಡೂ ತಂಡಗಳ ದೊಡ್ಡ ಬ್ಯಾಟ್ಸ್‌ಮನ್ನರು ಭಾವ–ಭಾವಮೈದುನರು.

ಆ ವರ್ಷದ ಫೈನಲ್ಲಿನಲ್ಲಿ ಕರ್ನಾಟಕ ಮೊದಲ ಇನಿಂಗ್ಸ್ ನಿಯಮದ ಕಹಿಯನ್ನೂ ಉಂಡಿತು. ದೆಹಲಿಯ ವಿರುದ್ಧ 705 ರನ್ ಹೊಡೆದೂ ಸೋತಿತು. ದೆಹಲಿ ಎಂಟು ವಿಕೆಟಿಗೆ 707 ಗಳಿಸಿ ಟ್ರೋಫಿ ಒಯ್ದಿತು. ಮರುವರ್ಷ, 1982–83ರಲ್ಲಿ, ಬ್ರಿಜೇಶ್ ಪಟೇಲ್ ನಾಯಕತ್ವದಲ್ಲಿ ಫೈನಲ್ ಆಡಲು ವಾಂಖೆಡೆಗೆ ಹೋದ ಕರ್ನಾಟಕ ಬಾಂಬೆಯನ್ನು ಅದರ ಅಂಗಳದಲ್ಲೇ ಅಲ್ಪ ಮುನ್ನಡೆಯಿಂದ ಹಿಂದಿಕ್ಕಿತು. ಇದು ಮೂರನೆಯ ‘ಡ್ರಾ’. ಬಾಂಬೆಯ ವಿರುದ್ಧ ಫೈನಲ್ಲಿನಲ್ಲಿ ಕರ್ನಾಟಕದ ಏಕೈಕ ಗೆಲುವೂ ಇದೇ. ಆ ತಂಡದ ರೋಜರ್ ಬಿನ್ನಿ ಕೆಲವೇ ತಿಂಗಳಲ್ಲಿ ಇಂಗ್ಲೆಂಡಿನ ವಿಶ್ವಕಪ್‌ನಲ್ಲಿ 18 ವಿಕೆಟ್ ಪಡೆದು ಎಲ್ಲರಿಗಿಂತ ಮುಂದಿದ್ದರು.

ತೊಂಬತ್ತರ ದಶಕ ಕರ್ನಾಟಕಕ್ಕೆ ಮೂರು ಟ್ರೋಫಿ ಕೊಟ್ಟಿತು: 1995–96, 1997–98, 1998–99. ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿನಲ್ಲಿ ಓದಿದ ಅನಿಲ್ ಕುಂಬ್ಳೆ, ಜಾವಗಲ್ ಶ್ರೀನಾಥ್, ವೆಂಕಟೇಶ್ ಪ್ರಸಾದ್, ರಾಹುಲ್ ದ್ರಾವಿಡ್ ಅವರ ಕಾಲವದು. ಮೂರು ಫೈನಲ್‌ಗಳಲ್ಲಿ ಎದುರಾದವರು ತಮಿಳುನಾಡು, ಉತ್ತರ ಪ್ರದೇಶ, ಮಧ್ಯಪ್ರದೇಶ. ಕರ್ನಾಟಕ ಅತಿ ಬಲಿಷ್ಠವಾಗಿದ್ದ ದಶಕದಲ್ಲೇ ಮುಂಬೈ ಜೊತೆ ಒಂದು ಫೈನಲ್ ಕೂಡ ಒದಗಲಿಲ್ಲ. ಮುಖಾಮುಖಿ ಅಂಕಿಗಳನ್ನು ಓದುವಾಗ ಈ ಖಾಲಿ ಜಾಗವನ್ನೂ ಓದಬೇಕು.

2002ರ ನಂತರ ವಲಯಗಳು ಹೋಗಿ ಎಲೀಟ್ ಮತ್ತು ಪ್ಲೇಟ್ ಗುಂಪುಗಳು ಬಂದವು. ಇಬ್ಬರೂ ಲೀಗ್ ಹಂತದಲ್ಲೇ ಭೇಟಿಯಾಗುವುದು ಸಾಧ್ಯವಾಯಿತು. ಆದರೂ ನೆನಪಿನಲ್ಲಿ ನಿಂತವು ನಾಕೌಟ್‌ಗಳೇ.

2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಗ್ಲೇಡ್ಸ್‌ನಲ್ಲಿ ನಡೆದ ಫೈನಲ್ ಅಂಥದ್ದು. ಮಾನಸಗಂಗೋತ್ರಿಯ ಮರಗಳ ನಡುವಿನ ಆ ಮೈದಾನದಲ್ಲಿ ಮುಂಬೈ 233 ಗಳಿಸಿತು, ಕರ್ನಾಟಕ 130ಕ್ಕೆ ಕುಸಿಯಿತು. ಎರಡನೆಯ ಇನಿಂಗ್ಸಿನಲ್ಲಿ ಮುಂಬೈಯನ್ನು ಕಾಪಾಡಿದ್ದು ಬೌಲರ್ ಧವಳ್ ಕುಲಕರ್ಣಿಯ 87 ರನ್. ಕರ್ನಾಟಕಕ್ಕೆ 338ರ ಗುರಿ. ಇಪ್ಪತ್ತರ ಹರೆಯದ ಮನೀಶ್ ಪಾಂಡೆ 144, ಗಣೇಶ್ ಸತೀಶ್ 75. ಇಬ್ಬರ ಜೊತೆಯಾಟ ಇನ್ನೂರು ದಾಟಿತು. ಗುರಿ ಕೈಗೆ ಬಂತು ಎನ್ನುವಾಗ ಅಜಿತ್ ಅಗರ್ಕರ್ ಐದು ವಿಕೆಟ್ ಕಿತ್ತರು. ಕರ್ನಾಟಕ 331ಕ್ಕೆ ಆಲ್ ಔಟ್. ಸೋಲು ಆರೇ ರನ್ನಿನದು. ಪುಸ್ತಕದಲ್ಲಿ ಇದು ಸ್ಪಷ್ಟ ಸೋಲು, 1974ರದ್ದು ಡ್ರಾ. ಅಂಕಿಗಳನ್ನಷ್ಟೇ ನಂಬುವವರಿಗೆ ಈ ಎರಡು ಪಂದ್ಯಗಳ ನಿಜವಾದ ತೂಕ ತಿಳಿಯುವುದಿಲ್ಲ.

ಪುಸ್ತಕವೂ ಒಪ್ಪುವಂಥ ಗೆಲುವುಗಳು ಬಂದದ್ದು ದಾವಣಗೆರೆಯ ಆರ್. ವಿನಯ್ ಕುಮಾರ್ ನಾಯಕತ್ವದಲ್ಲಿ. 2015ರ ಫೆಬ್ರುವರಿಯಲ್ಲಿ ಬೆಂಗಳೂರಿನ ಸೆಮಿಫೈನಲ್ಲಿನಲ್ಲಿ ಕರ್ನಾಟಕ 202ಕ್ಕೆ ಆಲ್ ಔಟ್ ಆದಾಗ ಮುಂಬೈ ಪಾಳೆಯದಲ್ಲಿ ಸಮಾಧಾನವಿದ್ದಿರಬೇಕು. ವಿನಯ್ 20 ರನ್ನಿಗೆ 6 ವಿಕೆಟ್ ಪಡೆದು ಮುಂಬೈಯನ್ನು 44ಕ್ಕೆ ಕಟ್ಟಿಹಾಕಿದರು. ನಲವತ್ತು ಸಲ ಚಾಂಪಿಯನ್ ಆಗಿದ್ದ ತಂಡ ನಲವತ್ತನಾಲ್ಕಕ್ಕೆ! ಎರಡನೆಯ ಸರದಿಯಲ್ಲಿ ಕರ್ನಾಟಕ 286, ಅದರಲ್ಲಿ ವೇಗಿ ಅಭಿಮನ್ಯು ಮಿಥುನ್ ಪಾಲು 89. 445ರ ಗುರಿ ಬೆನ್ನಟ್ಟಿದ ಮುಂಬೈ 332ರವರೆಗೆ ಹೋರಾಡಿ 112 ರನ್ನುಗಳಿಂದ ಸೋತಿತು. ಅದೇ ವಾಂಖೆಡೆಯಲ್ಲಿ ಫೈನಲ್ ಆಡಿದ ಕರ್ನಾಟಕ, ಕರುಣ್ ನಾಯರ್ ಅವರ 328 ರನ್ನುಗಳ ನೆರವಿನಿಂದ ತಮಿಳುನಾಡನ್ನು ಮಣಿಸಿ ಎಂಟನೆಯ ಟ್ರೋಫಿ ಪಡೆಯಿತು.

2017ರ ಡಿಸೆಂಬರಿನ ನಾಗಪುರ ಕ್ವಾರ್ಟರ್‌ಫೈನಲ್ಲಿನಲ್ಲಿ ವಿನಯ್ ಹ್ಯಾಟ್ರಿಕ್ ಸಾಧಿಸಿದರು. ಮುಂಬೈ 173, ಕರ್ನಾಟಕ 570, ಶ್ರೇಯಸ್ ಗೋಪಾಲ್ ಔಟಾಗದೆ 150. ಎರಡನೆಯ ಇನಿಂಗ್ಸಿನಲ್ಲಿ ಕೃಷ್ಣಪ್ಪ ಗೌತಮ್ ಆರು ವಿಕೆಟ್ ಪಡೆದರು. ಕರ್ನಾಟಕದ ಗೆಲುವು ಇನಿಂಗ್ಸ್ ಮತ್ತು 20 ರನ್ನುಗಳಿಂದ. 1942ರಲ್ಲಿ ಮತ್ತು 1960ರಲ್ಲಿ ಇನಿಂಗ್ಸ್ ಸೋಲು ಉಂಡ ತಂಡ ಅದೇ ಅಳತೆಯಲ್ಲಿ ಮರಳಿ ಕೊಟ್ಟಿತ್ತು. 2020ರ ಜನವರಿಯಲ್ಲಿ ಮುಂಬೈಗೇ ಹೋಗಿ ಲೀಗ್ ಪಂದ್ಯವನ್ನೂ ಐದು ವಿಕೆಟುಗಳಿಂದ ಗೆದ್ದಿತು.

ಹಾಗಾದರೆ ಮೇಲುಗೈ ಯಾರದು? ಟ್ರೋಫಿಗಳ ಎಣಿಕೆಯಲ್ಲಿ ಮಾತೇ ಇಲ್ಲ: 2024ರಲ್ಲಿ ಮುಂಬೈ 42ನೆಯದನ್ನು ಗೆದ್ದಿದೆ, ಕರ್ನಾಟಕದ್ದು ಎಂಟು. ಫೈನಲ್‌ಗಳಲ್ಲಿ ಮುಂಬೈ 4, ಕರ್ನಾಟಕ 1. ಆದರೆ ಕರ್ನಾಟಕ ಎಂಬ ಹೆಸರು ಹೊತ್ತ ಮೇಲಿನ ಲೆಕ್ಕ ತೆಗೆದರೆ ಚಿತ್ರ ಬೇರೆ. 1974, 1982, 1983, 2015, 2017: ಐದು ದೊಡ್ಡ ನಾಕೌಟ್‌ಗಳಲ್ಲಿ ಮುಂಬೈಯನ್ನು ಮನೆಗೆ ಕಳಿಸಿದ ತಂಡ ಇದು. ಈ ಲೇಖನದ ತೀರ್ಪು ಎರಡನೆಯ ಲೆಕ್ಕದ ಕಡೆಗೇ ವಾಲುತ್ತದೆ.

ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. 1974ರ ಆ ಪಂದ್ಯ ಉಳಿದಿರುವುದು ಸ್ಕೋರು ಪಟ್ಟಿಯಲ್ಲಿ, ಪತ್ರಿಕೆಗಳ ಹಳೆಯ ಪುಟಗಳಲ್ಲಿ, ಕಂಡವರ ಬಾಯಲ್ಲಿ. ಅಂದು ಗ್ಯಾಲರಿಯಲ್ಲಿ ಕೂತಿದ್ದ ಕಾಲೇಜು ಹುಡುಗರಿಗೆ ಈಗ ಎಪ್ಪತ್ತು ದಾಟಿದೆ. ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರದ ಮನೆಗಳಲ್ಲಿ ಅಂದಿನ ಟಿಕೆಟ್, ಕತ್ತರಿಸಿಟ್ಟ ಸುದ್ದಿ, ಕೈಯಲ್ಲಿ ಬರೆದ ಸ್ಕೋರು ಇಟ್ಟುಕೊಂಡವರು ಇದ್ದರೆ ದಯವಿಟ್ಟು ಎಸೆಯಬೇಡಿ. ಮೊಮ್ಮಕ್ಕಳನ್ನು ಕೂರಿಸಿಕೊಂಡು ಕಂಡದ್ದನ್ನು ಹೇಳಿ, ಅವರ ಮೊಬೈಲಿನಲ್ಲಿ ದಾಖಲು ಮಾಡಿಸಿ, ರಾಜ್ಯ ಕ್ರಿಕೆಟ್ ಸಂಸ್ಥೆಗೆ ಒಂದು ಪ್ರತಿ ತಲುಪಿಸಿ.